ಕಿಟಕಿ ಕಡೆಯ ಕೊಂಬೆ

ಡಿಸೆಂಬರ್ 3, 2024, ಮಂಗಳವಾರ

ಅಲ್ಲದೆ, ಆ ಮನುಷ್ಯ ಛತ್ರಿ ತಂದಿದ್ದ ಎಂಬುದನ್ನು ನಿನ್ನೆ ಬರೆಯುವುದು ಮರೆತೆ. ಮಳೆಯಿಲ್ಲ, ಬಿಸಿಲಿಲ್ಲ, ಬೆಳಿಗ್ಗೆ ಆರು ಗಂಟೆ. ಛತ್ರಿ ಯಾಕೆ ಅಂದರೆ ಅದರ ಹಿಡಿಯ ಕೊಕ್ಕೆಗೆ. ಕಾಂಪೌಂಡಿನ ಆಚೆ ನಿಂತು ಛತ್ರಿಯನ್ನು ತಲೆಕೆಳಗು ಮಾಡಿ, ನಂದಿಬಟ್ಟಲಿನ ಕೊಂಬೆಗೆ ಕೊಕ್ಕೆ ಹಾಕಿ ಎಳೆದು, ಇನ್ನೊಂದು ಕೈಯಲ್ಲಿ ಹೂ ಕಿತ್ತು ಕವರಿಗೆ ತುಂಬುತ್ತಾನೆ. ಹೆಸರು ದೊರೆಸ್ವಾಮಿ, ಹಿಂದಿನ ಬೀದಿಯವನು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತ. ಅವನಿಗಿಂತ ಹತ್ತು ನಿಮಿಷ ಮುಂಚೆ ಎದುರು ಸಾಲಿನ ಚಂದ್ರಮತಿ ಟೀಚರ್ ಬೆತ್ತದ ಬುಟ್ಟಿ ಹಿಡಿದು ಬಂದು ಹೋಗಿರುತ್ತಾರೆ. ಅವರಿಗೆ ಕೊಕ್ಕೆ ಬೇಡ, ಎತ್ತರದ ಹೆಂಗಸು. ಮೂವತ್ತೈದು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿ ಈಗ ಹೂಗಳ್ಳತನ.

ನಾನು ಹಾಸಿಗೆಯಿಂದಲೇ ಕಿಟಕಿಯಲ್ಲಿ ನೋಡುತ್ತೇನೆ. ಕೆಮ್ಮುತ್ತೇನೆ. ಕೆಮ್ಮಿದರೆ ಓಡುತ್ತಾರೆ, ಅಷ್ಟು ನಾಚಿಕೆ ಇನ್ನೂ ಉಳಿದಿದೆ. ಎದ್ದು ಹೋಗಿ ಬೈಯೋಣ ಅಂದರೆ ಎಂಟಕ್ಕೆ ಮುಂಚೆ ಏಳುವುದು ನನ್ನ ಮೈಗೆ ಬಂದದ್ದಲ್ಲ. ಖಾಸಗಿ ಬಸ್ಸಿನ ಕಂಪನಿಯಲ್ಲಿ ಟೈಂ ಕೀಪರ್ ಆಗಿದ್ದವನು, ಕೊನೆಯ ಬಸ್ಸು ಶೆಡ್ಡಿಗೆ ಸೇರಿಸಿ ಮನೆಗೆ ಬರುತ್ತಿದ್ದೆ. ರಿಟೈರ್ ಆಗಿ ಹತ್ತು ವರ್ಷವಾದರೂ ಮೈ ಇನ್ನೂ ಸೆಕೆಂಡ್ ಶಿಫ್ಟಿನಲ್ಲಿದೆ.

ಎಂಟಕ್ಕೆ ಎದ್ದು ನೋಡಿದರೆ ರಸ್ತೆ ಕಡೆ ಎಲೆ ಮಾತ್ರ. ಮನೆ ಕಡೆಗೆ, ಈ ಕಿಟಕಿಗೆ ತಾಗುವ ಕೊಂಬೆಯಲ್ಲಿ ಹೂ ಇರುತ್ತದೆ. ಅಲ್ಲಿಗೆ ಅವರ ಕೈ ಎಟುಕುವುದಿಲ್ಲ. ಅದರಿಂದ ಐದಾರು ಕಿತ್ತು ಹೆಂಡತಿ ಪುಟ್ಟಲಿಂಗಮ್ಮನ ಫೋಟೋಗೆ ಇಡುತ್ತೇನೆ. ಗಿಡ ಅವಳೇ ನೆಟ್ಟದ್ದು, ಈ ಮನೆ ಕೊಂಡ ವರ್ಷ.

ಜನವರಿ ಹತ್ತಕ್ಕೆ ಅವಳು ಹೋಗಿ ಒಂದು ವರ್ಷ. ಎಡೆ ಇಡಬೇಕು. ಹೋದ ದಿನ ಗಡಿಬಿಡಿಯಲ್ಲಿ ಯಾರೋ ಮಾರ್ಕೆಟ್ಟಿನಿಂದ ಸೇವಂತಿಗೆ ಹಾರ ತಂದು ಹಾಕಿಬಿಟ್ಟರು. ಸೇವಂತಿಗೆ ವಾಸನೆಗೆ ಅವಳಿಗೆ ತಲೆನೋವು ಬರುತ್ತಿತ್ತು. ಅಂಥದ್ದನ್ನು ಕೊರಳಿಗೆ ಹಾಕಿ ಕಳಿಸಿದೆವು, ನಾನೂ ನೋಡುತ್ತ ನಿಂತಿದ್ದೆ. ಈ ಸಲ ಅವಳ ಗಿಡದ್ದೇ ಒಂದು ಮಾರು ಹೂ ಬೇಕು. ಬೇರೆ ಏನೂ ನಾನು ಕೇಳುತ್ತಿಲ್ಲ. ಸ್ವಂತ ಗಿಡದಲ್ಲಿ ಒಂದು ಮಾರು ಹೂ ಉಳಿಸಿಕೊಳ್ಳಲಾಗದಿದ್ದರೆ ಬಿ.ಎ. ಓದಿ ಏನು ಬಂತು.

ಡಿಸೆಂಬರ್ 5, ಗುರುವಾರ

ಮಹಾರಾಜಾ ಕಾಲೇಜಿನಲ್ಲಿ ನಮಗೆ ಎಕನಾಮಿಕ್ಸ್ ಹೇಳುತ್ತಿದ್ದ ಮೇಷ್ಟ್ರು ಮೊದಲ ಕ್ಲಾಸಿನಲ್ಲೇ ಬೋರ್ಡಿನ ಮೇಲೆ ಬರೆದಿದ್ದರು, ಮೆನ್ ರೆಸ್ಪಾಂಡ್ ಟು ಇನ್ಸೆಂಟಿವ್ಸ್. ಅದರ ಮುಂದೆ ಇನ್ನೊಂದು ಸಾಲಿತ್ತು, ಮರೆತೆ. ಅರ್ಥ ಇಷ್ಟೇ: ಮನುಷ್ಯನಿಗೆ ಬುದ್ಧಿ ಹೇಳಬೇಡ, ಲಾಭ ನಷ್ಟ ತೋರಿಸು. ಇನ್ನೊಂದು ಇತ್ತು, ಡಿಮಿನಿಷಿಂಗ್ ಮಾರ್ಜಿನಲ್ ಯುಟಿಲಿಟಿ. ಮೊದಲ ಮೈಸೂರು ಪಾಕು ಸ್ವರ್ಗ, ನಾಲ್ಕನೆಯದು ಹೊಟ್ಟೆನೋವು. ಹಾಗಾದರೆ ಚಂದ್ರಮತಿ ಟೀಚರ್ ದೇವರಿಗೆ ದಿನಕ್ಕೆ ನೂರು ಹೂ ಯಾಕೆ? ಆ ದೇವರಿಗೆ ನಾಲ್ಕನೆಯ ಹೂವಿಗೇ ಸಾಕಾಗುವುದಿಲ್ಲವೇ?

ನಷ್ಟ ತೋರಿಸೋಣ ಅಂತ ಇವತ್ತು ಗಿಡಕ್ಕೆ ಒಂದು ರಟ್ಟು ಕಟ್ಟಿದೆ. ‘ಇಲ್ಲಿ ಕದ್ದ ಹೂವಿನಿಂದ ಮಾಡಿದ ಪೂಜೆಯ ಫಲ ಗಿಡದ ಒಡೆಯನಿಗೆ ಸೇರುತ್ತದೆ.’ ಇದು ನನ್ನ ಕಲ್ಪನೆಯಲ್ಲ, ಹಿಂದಿನಿಂದ ಹೇಳುವ ಮಾತೇ. ಕಷ್ಟಪಟ್ಟು ಬೆಳಿಗ್ಗೆ ಎದ್ದು, ತಣ್ಣೀರು ಸ್ನಾನ ಮಾಡಿ, ಸಹಸ್ರನಾಮ ಹೇಳಿ, ಕೊನೆಗೆ ಫಲವೆಲ್ಲ ಮಲಗಿರುವ ಈ ಚಿಕ್ಕಬಸವಯ್ಯನಿಗೆ. ಇದಕ್ಕಿಂತ ನಷ್ಟ ಉಂಟೇ.

ಡಿಸೆಂಬರ್ 6, ಶುಕ್ರವಾರ

ದೊರೆಸ್ವಾಮಿ ರಟ್ಟು ಓದಿದ. ಗಟ್ಟಿಯಾಗಿ, ಕೂಡಿಸಿ ಕೂಡಿಸಿ ಓದಿದ. ನಾನು ಕೆಮ್ಮಿದೆ. ಓಡಲಿಲ್ಲ.

“ಎದ್ದಿದೀರಾ ಬಸವಯ್ಯನೋರೆ? ಒಳ್ಳೇದೇ ಬರ್ದಿದೀರ ಬುಡಿ. ನಂಗೂ ಇಷ್ಟು ದಿನ ಮನಸ್ಸಲ್ಲಿ ಒಂಥರಾ ಕೊರೀತಿತ್ತು. ಫಲ ನಿಮ್ಗೆ, ಹೂವು ನಂಗೆ. ಲೆಕ್ಕ ಸರಿಹೋಯ್ತು.”

ನಿನ್ನೆಗಿಂತ ಎರಡು ಕೊಂಬೆ ಜಾಸ್ತಿ ಕಿತ್ತ. ರಟ್ಟು ತೆಗೆದು ಹಾಕಿದೆ.

ಡಿಸೆಂಬರ್ 8, ಭಾನುವಾರ

ಮಗಳು ಮಾಲಾ, ಅಳಿಯ ಅಮರ್ ಬಂದಿದ್ದರು. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಬಿಳಿಯರಿಗೆ ಎಳನೀರು, ಹಣ್ಣಿನ ರಸ ಮಾರುವ ಅಂಗಡಿ ಅವರದು. ಮಾಲಾ ಬಂದವಳೇ ಅಡುಗೆಮನೆ ನೋಡಿ, “ಅಪ್ಪಾ, ಈ ಅನ್ನ ಯಾವತ್ತಿಂದು?” ಅಂದಳು. ನಿನ್ನೆಯದು ಅಂದೆ. ಮೊನ್ನೆಯದು. ಗಿಡದ ಬುಡ ಒಣಗಿ ಬಿರುಕು ಬಿಟ್ಟಿದೆ, ನೀರು ಹಾಕಲ್ವಾ ಅಂತ ಇನ್ನೊಂದು ಸುತ್ತು. ಕಳ್ಳರಿಗೆ ನಾನ್ಯಾಕೆ ನೀರು ಹೊತ್ತು ಹೂ ಬೆಳೆದುಕೊಡಲಿ ಅಂದೆ.

ಹೂವಿನ ಕಥೆ ಕೇಳಿ ಅಮರ್ ನಕ್ಕ. “ಮಾವ, ಸುಮ್ನೆ ಬೈಕೊಂಡು ಯಾಕೆ ಬಿಪಿ ಏರಿಸ್ಕೋತೀರ. ರೇಟ್ ಹಾಕಿ. ನಮ್ಮ ಅಂಗಡೀಲೂ ಪುದೀನ ಎಲೆ ಸುಮ್ನೆ ಕಿತ್ಕೊಂಡು ಹೋಗೋರು. ಹತ್ರೂಪಾಯಿ ಅಂತ ಬೋರ್ಡ್ ಹಾಕ್ದೆ, ಒಬ್ರೂ ಮುಟ್ಲಿಲ್ಲ.”

ಎಷ್ಟು ಸುಲಭ ನೋಡು. ಇದೇ ನನ್ನ ಮೇಷ್ಟ್ರು ಹೇಳಿದ್ದು, ಇದು ನನಗೆ ಹೊಳೆಯದೆ ಅಳಿಯನಿಗೆ ಹೊಳೆಯಿತು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಸೆಟರಿಸ್ ಪಾರಿಬಸ್. ಅಂದರೆ ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ.

ಡಿಸೆಂಬರ್ 15, ಭಾನುವಾರ

ಅಮರ್ ಗೇಟಿನ ಕಂಬಕ್ಕೆ ಕ್ಯೂಆರ್ ಕೋಡಿನ ಕಾಗದ ಅಂಟಿಸಿ, ಅಂಗಡಿಯಲ್ಲಿ ಹಳತಾದ ಸೌಂಡ್ ಬಾಕ್ಸನ್ನು ಕಿಟಕಿಯ ಹತ್ತಿರ ಇಟ್ಟು ಹೋದ. ‘ನಂದಿಬಟ್ಟಲು. ಒಂದು ಸಲಕ್ಕೆ ಹತ್ತು ರೂಪಾಯಿ.’ ಕೊಡುವವರು ಯಾರು? ಬರುವುದು ನಿಲ್ಲಿಸುತ್ತಾರೆ. ನೆಮ್ಮದಿಯಾಗಿ ಮಲಗಬಹುದು.

ಡಿಸೆಂಬರ್ 16, ಸೋಮವಾರ

ಐದು ಗಂಟೆಗೆ, ಕತ್ತಲಲ್ಲಿ, ತಲೆಯ ಹತ್ತಿರ ಒಬ್ಬ ಹೆಂಗಸು, “ಹತ್ತು ರೂಪಾಯಿ ಸ್ವೀಕರಿಸಲಾಗಿದೆ” ಅಂದಳು. ಎದ್ದು ಕೂತು, ಒಂದು ಕ್ಷಣ ಯಾರೋ ಮನೆಗೆ ಬಂದಿದ್ದಾರೆ ಅಂದುಕೊಂಡೆ. ಡಬ್ಬ. ಹೊರಗೆ ದೊರೆಸ್ವಾಮಿ.

ಧನುರ್ಮಾಸ ಶುರು ಅಂತೆ. ಸೂರ್ಯ ಹುಟ್ಟುವ ಮುಂಚೆಯೇ ಪೂಜೆ ಮುಗಿಯಬೇಕು. ಅಮರ್‌ಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಚಳಿಗೆ ಹೂ ಕಡಿಮೆ, ಪೂಜೆಗೆ ಬೇಡಿಕೆ ಜಾಸ್ತಿ. ಮಾರ್ಕೆಟ್ಟಿನಲ್ಲಿ ಹೂವಿಗೆ ಬೆಂಕಿ ಬಿದ್ದಿದೆ. ಹತ್ತು ರೂಪಾಯಿಗೆ ಒಂದು ಕವರು ನಂದಿಬಟ್ಟಲು ಸಿಕ್ಕರೆ ಯಾರು ಬಿಡುತ್ತಾರೆ.

ಐದೂ ಹತ್ತಕ್ಕೆ ಇನ್ನೊಂದು ಹತ್ತು ರೂಪಾಯಿ. ಚಂದ್ರಮತಿ ಟೀಚರ್. ಫೋನು ಹಿಡಿದು ಕ್ಯೂಆರ್ ಕೋಡಿಗೆ ಬೆಳಕು ಬಿಟ್ಟುಕೊಂಡು ಮೂರು ಸಲ ಪ್ರಯತ್ನ ಮಾಡಿದರು. ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ.

ಡಿಸೆಂಬರ್ 19, ಗುರುವಾರ

ಕಂಪನಿಯಲ್ಲಿ ಒಮ್ಮೆ ಟೈಮಿಗೆ ಸರಿಯಾಗಿ ಬಂದ ಡ್ರೈವರಿಗೆ ವಾರಕ್ಕೆ ಇಷ್ಟು ಭತ್ಯೆ ಅಂತ ಯಜಮಾನರು ಹೊಸ ರೂಲು ಮಾಡಿದರು. ಒಂದು ತಿಂಗಳು ಎಲ್ಲ ಬಸ್ಸೂ ಟೈಮಿಗೆ ಸರಿಯಾಗಿ ಬಂದವು, ನನ್ನ ರಿಜಿಸ್ಟರು ನೋಡಲು ಚಂದ. ಆಮೇಲೆ ಗೊತ್ತಾಯಿತು, ಮುದುಕರು ಕೈ ತೋರಿಸಿದ ಕಡೆ ಯಾರೂ ನಿಲ್ಲಿಸುತ್ತಲೇ ಇರಲಿಲ್ಲ. ಅದು ಯಾಕೆ ಈಗ ನೆನಪಾಯಿತೋ.

ದೊರೆಸ್ವಾಮಿ ಈಗ ಓಡುವುದಿಲ್ಲ. ನಿಧಾನ. ಮಂಕಿ ಕ್ಯಾಪು ಹಾಕಿಕೊಂಡು, ಹೂವನ್ನು ಬೆರಳಲ್ಲಿ ತಿರುಗಿಸಿ ನೋಡಿ, ಹುಳ ಇದ್ದರೆ ರಸ್ತೆಗೆ ಎಸೆಯುತ್ತಾನೆ. ಇವತ್ತು ಕಾಂಪೌಂಡಿನ ಆಚೆಯಿಂದಲೇ ಕೂಗಿದ.

“ಬಸವಯ್ಯನೋರೆ, ಹೂವು ಯಾಕೋ ಸಣ್ಣಕ್ಕೆ ಬತ್ತಾವೆ. ಗೊಬ್ಬರ ಗಿಬ್ಬರ ಹಾಕಕ್ಕಿಲ್ವಾ?”

“ನಿನಗ್ಯಾಕಯ್ಯಾ ಅದು?”

“ಯಾಕೆ ಅಂದ್ರೆ? ದಿನಾ ಕಾಸು ಹಾಕ್ತಿಲ್ವಾ ನಾನು?”

ಬಾಗಿಲು ತೆಗೆದು ಹೊರಗೆ ಹೋದೆ. ಹೋಗುವಷ್ಟರಲ್ಲಿ ಮಾತು ಮರೆತುಹೋಯಿತು. ಐದೂ ಕಾಲಿಗೆ ಹೊರಗೆ ಎಷ್ಟು ಚಳಿ ಅಂತ ನನಗೆ ಗೊತ್ತೇ ಇರಲಿಲ್ಲ. ಒಳಗೆ ಬಂದು ಕಾಫಿ ಮಾಡಿಕೊಂಡೆ. ಗೊಬ್ಬರ ಹಾಕಬೇಕಂತೆ. ಸಾಯಂಕಾಲ ಎರಡು ಕೊಡ ನೀರು ಹಾಕಿದೆ. ಅವನಿಗೋಸ್ಕರ ಅಲ್ಲ. ಎಡೆಗೆ ಹೂ ಬೇಕಲ್ಲ.

ಡಿಸೆಂಬರ್ 24, ಮಂಗಳವಾರ

ಕಿಟಕಿ ಕಡೆಯ ಕೊಂಬೆ ಬೋಳು.

ಒಂದು ಹೂ ಇಲ್ಲ. ಒಂದು ಮೊಗ್ಗು ಇಲ್ಲ. ಕಿತ್ತ ತೊಟ್ಟುಗಳಲ್ಲಿ ಹಾಲು ಇನ್ನೂ ಆರಿರಲಿಲ್ಲ. ಪುಟ್ಟಲಿಂಗಮ್ಮನ ಫೋಟೋಗೆ ನಿನ್ನೆಯ ಬಾಡಿದ್ದೇ ಉಳಿಯಿತು. ವರ್ಷದಲ್ಲಿ ಮೊದಲ ಸಲ.

ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಓಡಿದೆ. ದೊರೆಸ್ವಾಮಿ ತಿರುವಿನಲ್ಲಿ ಹೋಗುತ್ತಿದ್ದ, ಕವರು ಹೊಟ್ಟೆ ಉಬ್ಬಿಸಿಕೊಂಡಿತ್ತು. ಹಿಡಿದು ನಿಲ್ಲಿಸಿದೆ. ಕಿಟಕಿ ಕಡೆದು ಹೇಗೆ ಕಿತ್ತೆ, ಅಲ್ಲಿಗೆ ನಿನ್ನ ಕೈ ಹೇಗೆ ಎಟುಕಿತು ಅಂದೆ. ಛತ್ರಿ ಎತ್ತಿ ತೋರಿಸಿದ.

“ಇಷ್ಟುದ್ದ ಕೊಕ್ಕೆ ಐತೆ, ಎಟುಕಕ್ಕಿಲ್ವಾ? ಯಾವಾಗ್ಲೂ ಎಟುಕ್ತಿತ್ತು.”

“ಮತ್ತೆ ಇಷ್ಟು ದಿನ ಕಿತ್ತಿರಲಿಲ್ಲ?”

“ಅದು ಅಮ್ಮಾವ್ರು ಹೇಳಿದ್ರಲ್ಲಾ. ಕಿಟಕಿ ಕಡೆ ಕೊಂಬೆ ಮನೇದು, ಮುಟ್ಬ್ಯಾಡಿ ಅಂತ. ಮುಟ್ಲಿಲ್ಲ. ಈಗ ಕಾಸು ಕೊಟ್ಟು ತಗೋತಿರೋದು. ಬೋರ್ಡಲ್ಲಿ ಆ ಕಡೆ ಈ ಕಡೆ ಅಂತ ಏನಾದ್ರೂ ಬರ್ದಿದೀರಾ?”

“ಯಾವ ಅಮ್ಮಾವ್ರು?”

ಅವನು ನನ್ನ ಮುಖವನ್ನೇ ನೋಡಿದ. “ನಿಮ್ಮನೆಯೋರು ಕಣ್ರೀ,” ಅಂದ. “ಪುಟ್ಟಲಿಂಗಮ್ಮೋರು.”

ಡಿಸೆಂಬರ್ 25, ಬುಧವಾರ

ಬರೆಯುವಂಥದ್ದೇನೂ ಇಲ್ಲ. ಐದಕ್ಕೆ ಹತ್ತು, ಐದೂ ಹತ್ತಕ್ಕೆ ಹತ್ತು ರೂಪಾಯಿ ಸ್ವೀಕರಿಸಲಾಗಿದೆ.

ಡಿಸೆಂಬರ್ 28, ಶನಿವಾರ

ಮೂರು ದಿನ ತಲೆ ಕೆಡಿಸಿಕೊಂಡು ಇವತ್ತು ಚಂದ್ರಮತಿ ಟೀಚರ್ ಗೇಟಿನ ಹತ್ತಿರ ಹೋದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಅವರೂ ನಮ್ಮ ಗೇಟು ದಾಟಿದವರಲ್ಲ. ನಮ್ಮ ಮನೆಯಲ್ಲಿ ನೀರು ಕುಡಿಯುವ ಜನವಲ್ಲ ಅವರು, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಿಂದೆ ಒಮ್ಮೆ ಪುಟ್ಟಲಿಂಗಮ್ಮನ ಹತ್ತಿರ ರೇಗಾಡಿದ್ದೆ, ನಮ್ಮ ನೀರು ಬೇಡ, ನಮ್ಮ ಹೂವು ಮಾತ್ರ ಬೇಕಾ ಅಂತ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೆ, “ನನ್ ಗಿಡ ದಿನಾ ಅವರ ದೇವರ ಕ್ವಾಣೆ ಒಳಕ್ಕೆ ಹೋಗಿ ಕುಂತ್ಕೊತದೆ. ನಾನು ಹೋಗದಿದ್ರೆ ಏನು ಬುಡಿ,” ಅಂದಿದ್ದಳು. ಆಗ ನಾನು ಅದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವರಿಗೆ ಹೂ ಬೇಕು ಎಂದರೆ ಹೇಗೆ ತೆಗೆದುಕೊಳ್ಳುತ್ತಾರೆ ಎಂದೂ ಕೇಳಲಿಲ್ಲ.

ಟೀಚರ್ ಗೇಟಿನ ಒಳಗೆ, ನಾನು ಹೊರಗೆ.

“ನಿಮ್ಮನೆಯವರು ಇದ್ದಾಗ ನಾವು ಕದೀತಿರಲಿಲ್ಲ ಚಿಕ್ಕಬಸವಯ್ಯನವರೇ,” ಅಂದರು. “ಆರು ಗಂಟೆಗೆ ಅವರು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋರು. ನಾನು ಹೋಗಿ, ಪುಟ್ಟಲಿಂಗಮ್ಮಾ ತಗೊಳ್ಳಲಾ ಅನ್ನೋಳು. ತಗೊಳಿ ಟೀಚರ್, ಕಿಟಕಿ ಕಡೆ ಬುಟ್ಟು ಅನ್ನೋರು. ದಿನಾ ಅದೇ ಮಾತು. ಆಮೇಲೆ ಇಪ್ಪತ್ತು ನಿಮಿಷ ಬೇರೆ ಮಾತು. ನನ್ನ ಮಂಡಿ ನೋವು, ನಿಮ್ಮ ಮಗಳ ಮದುವೆ, ಎಲ್ಲಾ. ದೊರೆಸ್ವಾಮಿಗೆ ಹೆಂಡತಿ ಜೊತೆ ಜಗಳ ಆದ್ರೆ ಬಿಡಿಸ್ತಿದ್ದವರೂ ಅವರೇ.”

“ನನಗೆ ಒಂದು ದಿನವೂ ಹೇಳಲಿಲ್ಲ.”

“ನೀವು ಮಲಗಿರ್ತಿದ್ರಿ. ಮೆತ್ತಗೆ ಮಾತಾಡಿ, ರಾತ್ರಿ ಲೇಟಾಗಿ ಬಂದವ್ರೆ ಅನ್ನೋರು.”

ನಾನು ಟೈಂ ಕೀಪರ್. ಎಷ್ಟು ಬಸ್ಸು ಎಷ್ಟು ಗಂಟೆಗೆ ಎಲ್ಲಿಂದ ಹೊರಟಿತು ಅಂತ ಇವತ್ತಿಗೂ ಬಾಯಲ್ಲಿ ಹೇಳುತ್ತೇನೆ. ನನ್ನ ಮನೆ ಬಾಗಿಲಲ್ಲಿ ಆರು ಗಂಟೆಗೆ ಏನಾಗುತ್ತಿತ್ತು ಎಂಬುದು ಹೂ ಕೀಳುವವರಿಗೆ ಗೊತ್ತು.

ಕೇಳಿ ತೆಗೆದುಕೊಳ್ಳುವವರು ಆಮೇಲೆ ಯಾಕೆ ಕದ್ದಿರಿ ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ.

“ಅವರು ಹೋದ ಮೇಲೆ ಒಂದು ತಿಂಗಳು ನಾವ್ಯಾರೂ ಗಿಡ ಮುಟ್ಟಲಿಲ್ಲ. ಆಮೇಲೆ ಒಂದು ದಿನ ನಾನು ನಿಮ್ಮ ಗೇಟಿನ ಚಿಲಕ ಬಡಿದೆ. ನೀವು ಬಾಗಿಲು ತೆಗೆದು, ಏನು ಬೇಕು ಅಂದ್ರಿ. ನಿಮಗೆ ನೆನಪಿದೆಯೋ ಇಲ್ಲವೋ. ಆ ಮುಖ ನೋಡಿ, ಏನಿಲ್ಲ ಅಂತ ವಾಪಸ್ ಬಂದೆ. ಇಲ್ಲ ಅನ್ನಿಸ್ಕೊಂಡು ಬರೋದಕ್ಕಿಂತ ಕದಿಯೋದೇ ವಾಸಿ ಅನ್ನಿಸ್ತು. ಹೂವು ಅಲ್ಲೇ ಉದುರಿ ಬೀಳ್ತಿತ್ತು ಬೇರೆ.” ಒಳಗೆ ತಿರುಗುತ್ತ, “ಕಿಟಕಿ ಕಡೆ ನಾನು ಇವತ್ತಿನವರೆಗೂ ಮುಟ್ಟಿಲ್ಲ,” ಅಂದರು.

ನೆನಪಿಲ್ಲ. ಯಾರು ಬಂದರು, ಏನು ಕೇಳಿದೆ, ಆ ತಿಂಗಳದ್ದು ಒಂದೂ ನೆನಪಿಲ್ಲ. ಎಡೆಯ ವಿಷಯ ಹೇಳಬೇಕು ಅಂತ ಹೋಗಿದ್ದೆ, ಅದನ್ನೂ ಹೇಳದೆ ಬಂದೆ.

ಜನವರಿ 1, 2025, ಬುಧವಾರ

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ. ಉಳಿದದ್ದು ಎಲ್ಲಿ ಇದ್ದ ಹಾಗೆ ಇದೆ? ಮೇಷ್ಟ್ರು ಅದನ್ನು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಟ್ಟರು. ನಾವೂ ಬರೆದುಕೊಂಡೆವು.

ಕ್ಯೂಆರ್ ಕೋಡು ಕಿತ್ತೆ. ಅಮರ್ ಹಾಕಿದ ಗೋಂದು ಎಂಥದೋ, ಅರ್ಧ ಕಾಗದ ಕಂಬದಲ್ಲೇ ಉಳಿಯಿತು. ಡಬ್ಬದ ವೈರು ಕಿತ್ತು ಮೂಲೆಗೆ ಹಾಕಿದೆ. ಇನ್ನು ಮೊದಲಿನ ಹಾಗಾಗುತ್ತದೆ, ಕೆಮ್ಮಿದರೆ ಓಡುತ್ತಾರೆ, ಕಿಟಕಿ ಕಡೆ ಉಳಿಯುತ್ತದೆ.

ಜನವರಿ 2, ಗುರುವಾರ

“ಬಾಕ್ಸು ಮಾತಾಡ್ತಿಲ್ವಲ್ಲಾ ಬಸವಯ್ಯನೋರೆ. ರಿಪೇರಿಗೆ ಬಂತಾ? ಪರವಾಗಿಲ್ಲ ಬುಡಿ, ಸರಿಯಾದ ಮೇಲೆ ಹಾಕ್ತೀನಿ.”

ದೊರೆಸ್ವಾಮಿ ಕಿಟಕಿ ಕಡೆದೂ ಸೇರಿಸಿ ಕಿತ್ತ. ಈಗ ಕಾಸೂ ಇಲ್ಲ, ನಾಚಿಕೆಯೂ ಇಲ್ಲ. ಎರಡನ್ನೂ ನಾನೇ ಕೈಯಾರೆ ತೆಗೆದೆ.

ಜನವರಿ 5, ಭಾನುವಾರ

ಪೈಪೋಟಿ. ಟೀಚರ್ ಐದೂ ಹತ್ತಕ್ಕೆ ಬರುತ್ತಿದ್ದರು. ದೊರೆಸ್ವಾಮಿ ಅದಕ್ಕೂ ಮುಂಚೆ, ಐದಕ್ಕೆ. ಟೀಚರ್ ನಾಲ್ಕೂ ಮುಕ್ಕಾಲಿಗೆ ಬಂದರು. ಅವನು ಈಗ ಹಿಂದಿನ ದಿನ ಸಾಯಂಕಾಲವೇ ಬಂದು ಮೊಗ್ಗು ಕೀಳುತ್ತಾನೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಅರಳುತ್ತದಂತೆ. ಹೂವೇ ಆಗಲು ಬಿಡುವುದಿಲ್ಲ. ನೀನು ಬಿಟ್ಟರೆ ಅವರು ಕೀಳುತ್ತಾರೆ, ಅವರು ಬಿಟ್ಟರೆ ನೀನು. ಇದಕ್ಕೂ ಪುಸ್ತಕದಲ್ಲಿ ಒಂದು ಹೆಸರಿತ್ತು, ಎಲ್ಲರ ದನವೂ ಮೇದು ಬರಿದಾದ ಹುಲ್ಲುಗಾವಲಿನ ಉದಾಹರಣೆ ಕೊಟ್ಟು. ಹೆಸರು ಗೊತ್ತಾದರೆ ಗಿಡ ಉಳಿಯುತ್ತದೆಯೇ.

ಮಾಲಾ ಫೋನು ಮಾಡಿದಳು. ಹತ್ತನೇ ತಾರೀಕು ವೈಕುಂಠ ಏಕಾದಶಿ ಅಂತೆ. “ಅಪ್ಪಾ, ಅವತ್ತು ಊರಲ್ಲಿ ಒಂದು ಹೂವೂ ಮಿಕ್ಕಲ್ಲ. ನಾನು ಮೊದಲೇ ಮಾರ್ಕೆಟ್ಟಲ್ಲಿ ಹೇಳಿಡ್ಲಾ? ಸೇವಂತಿಗೆ ಆದ್ರೂ…”

ಸೇವಂತಿಗೆ ಹೆಸರೆತ್ತಿದರೆ ಫೋನು ಇಡುತ್ತೇನೆ ಅಂದೆ. ಇಟ್ಟೆ.

ಕಾಂಪೌಂಡಿನ ಮೇಲೆ ತಂತಿ ಬಿಗಿಯಬಹುದು. ಹಗ್ಗ ಕಟ್ಟಿ ಕೊಂಬೆಯನ್ನು ಒಳಗೆ ಎಳೆದುಕೊಳ್ಳಬಹುದು. ಸುಮ್ಮನೆ ಕಡಿದೇ ಹಾಕಿದರೆ ನೆಮ್ಮದಿ. ಮಚ್ಚು ಎಲ್ಲಿದೆ ಅಂತ ಹುಡುಕಿದೆ, ತೆಂಗಿನಕಾಯಿ ಸುಲಿಯುವ ಕಡೆ ಸಿಕ್ಕಿತು. ಹಿಡಿಯಲ್ಲಿ ಅವಳು ಸುತ್ತಿದ್ದ ಬಟ್ಟೆ. ಅಲ್ಲೇ ಇಟ್ಟು ಬಂದೆ.

ಜನವರಿ 7, ಮಂಗಳವಾರ

ಕಾಯುವುದೇ ಸರಿ ಅಂತ ನಾಲ್ಕೂವರೆಗೆ ಎದ್ದು ಮೆಟ್ಟಿಲ ಮೇಲೆ ಕುರ್ಚಿ ಹಾಕಿ ಕೂತೆ. ಮಫ್ಲರು, ಫ್ಲಾಸ್ಕಿನಲ್ಲಿ ಕಾಫಿ. ಟೀಚರ್ ಬಂದರು. ನನ್ನನ್ನು ನೋಡಿ ಬುಟ್ಟಿ ಸೆರಗಿನ ಹಿಂದೆ ಹೋಯಿತು. ಏನಾದರೂ ಅನ್ನಬೇಕಲ್ಲ ಅಂತ, ಮಂಡಿ ನೋವು ಹೇಗಿದೆ ಅಂದೆ.

ಕೇಳಬಾರದಿತ್ತು. ಎಡಗಾಲು, ಬಲಗಾಲು, ಎಣ್ಣೆ, ಎಕ್ಸ್‌ರೇ, ಆಪರೇಷನ್ ಬೇಕು ಅನ್ನುವ ಡಾಕ್ಟರು, ಬೇಡ ಅನ್ನುವ ತಂಗಿ. ಅಷ್ಟರಲ್ಲಿ ದೊರೆಸ್ವಾಮಿ ಬಂದು, ಅವನ ಹೆಂಡತಿ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ ಅಂತ ಶುರು ಮಾಡಿದ. ಯಾಕೆ ಅಂದರೆ ಅವಳ ಅಣ್ಣನನ್ನು ಇವನು ಜಿಪುಣ ಅಂದನಂತೆ. “ನೀನು ಅನ್ನಬಹುದಾ ಆ ಮಾತು? ಹೋಗಿ ತಪ್ಪಾಯ್ತು ಅನ್ನು,” ಅಂದೆ. “ಅಂದ್ಬುಟ್ರೆ ತಲೆ ಮೇಲೆ ಕೂರ್ತಾಳೆ,” ಅಂದ. “ಈಗೆಲ್ಲಿ ಕೂತಿದ್ದಾಳೆ?” ಅಂದೆ. ಟೀಚರ್ ನಕ್ಕುಬಿಟ್ಟರು.

ಹೂ ಕೀಳಲು ಎರಡು ನಿಮಿಷ, ಮಾತಿಗೆ ಅರ್ಧ ಗಂಟೆ. ಬೆಳಗಿನ ಹೊತ್ತೆಲ್ಲ ಹಾಳು. ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ? ನಾಳೆ ಇನ್ನೊಂದು ಕುರ್ಚಿ ಹೊರಗೆ ಹಾಕಬೇಕು. ಟೀಚರ್ ಆ ಮಂಡಿಯಲ್ಲಿ ಗೇಟು ಹಿಡಿದು ನಿಲ್ಲುವುದನ್ನು ನೋಡಲಾಗುವುದಿಲ್ಲ.

ಜನವರಿ 9, ಗುರುವಾರ

ಮೊಗ್ಗು ಕೀಳಲು ಸಂಜೆ ಇಬ್ಬರೂ ಒಟ್ಟಿಗೇ ಬಂದರು. ನಾಳೆ ಏಕಾದಶಿಯಲ್ಲವೇ. ನಾನು ನೀರು ಹಾಕುತ್ತಿದ್ದೆ. ಹೇಳಬೇಕು ಹೇಳಬೇಕು ಅಂತ ಎರಡು ಕೊಡ ಖಾಲಿಯಾಯಿತು. ಟೀಚರ್ ಗೇಟಿನ ಆಚೆ ನಿಂತು, “ತಗೊಳ್ಳಲಾ?” ಅಂದರು. ನನ್ನನ್ನೇ ಕೇಳಿದ್ದು.

ಕೆಮ್ಮಿದೆ. ಕೆಮ್ಮಿದರೂ ಯಾರೂ ಓಡಲಿಲ್ಲ.

“ನಾಳೆ ಅವಳ ವರ್ಷದ ಎಡೆ,” ಅಂದೆ. “ಒಂದು ಮಾರು ಹೂ ಬೇಕು.”

ದೊರೆಸ್ವಾಮಿ ಛತ್ರಿಯನ್ನು ಸರಿಯಾಗಿ, ಎಲ್ಲರೂ ಹಿಡಿಯುವ ಹಾಗೆ ಹಿಡಿದುಕೊಂಡ. ರಸ್ತೆ ಕಡೆಯದನ್ನು ಮಾತ್ರ ಕಿತ್ತರೋ ಎಲ್ಲ ಕಿತ್ತರೋ ನಾನು ನಿಂತು ನೋಡಲಿಲ್ಲ. ಒಳಗೆ ಬಂದುಬಿಟ್ಟೆ. ನೋಡಿದ್ದರೆ ಕಾವಲು ಕಾದ ಹಾಗಾಗುತ್ತಿತ್ತು. ಹೇಳಿದ ಮೇಲೆ ಕಾಯಬಾರದು.

ಜನವರಿ 10, ಶುಕ್ರವಾರ

ಎದ್ದವನು ಮೊದಲು ಮುಖ ತೊಳೆದೆ, ಬಾಗಿಲಿಗೆ ನೀರು ಹಾಕಿದೆ, ಆಮೇಲೆ ಗಿಡದ ಕಡೆ ತಿರುಗಿದೆ. ರಸ್ತೆ ಕಡೆ ಒಂದು ಮೊಗ್ಗೂ ಬಿಟ್ಟಿಲ್ಲ, ಪಾಪಿಗಳು, ಎರಡು ಚಿಗುರು ಬೇರೆ ಮುರಿದಿದ್ದಾರೆ. ಕಿಟಕಿ ಕಡೆಯ ಕೊಂಬೆ ಬೆಳ್ಳಗೆ ತುಂಬಿ ಬಗ್ಗಿ, ಸರಳಿನ ಮೂಲಕ ಒಳಗೆ ಬಂದಿತ್ತು. ಊರಲ್ಲಿ ಹೂವೇ ಇಲ್ಲದ ದಿನ.

ಕೀಳುವುದೇನೋ ಕಿತ್ತೆ. ಕಟ್ಟುವುದು ಗೊತ್ತಿಲ್ಲ ಎಂಬುದು ಆಗ ಗೊತ್ತಾಯಿತು. ಬಾಳೆ ನಾರು ಹಿಡಿದು ಕೂತರೆ ಮೂರು ಹೂ ಕಟ್ಟುವಷ್ಟರಲ್ಲಿ ಎರಡು ಉದುರುತ್ತವೆ, ಬೆರಳೆಲ್ಲ ಹಾಲು ಅಂಟು. ಮಾಲಾ ಬರುವುದು ಹನ್ನೊಂದಕ್ಕೆ, ಅವಳಿಗೂ ಬರುವುದಿಲ್ಲ. ಮೆಟ್ಟಿಲ ಮೇಲೆ ಕೂತು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಟೀಚರ್ ದೇವಸ್ಥಾನದಿಂದ ಬರುತ್ತಿದ್ದರು. ಗೇಟಿನ ಆಚೆಯಿಂದ ಸ್ವಲ್ಪ ಹೊತ್ತು ನೋಡಿದರು.

“ಹಾಗಲ್ಲ ಅದು. ತೊಟ್ಟು ಎದುರು ಬದುರು ಬರಬೇಕು.”

“ಹೇಗೋ ಒಂದು.”

“ಹೇಗೋ ಒಂದು ಅಂದ್ರೆ ಬಿದ್ದುಹೋಗತ್ತೆ. ಕೊಡಿ ಇಲ್ಲಿ.”

ಚಿಲಕ ತೆಗೆದು ಒಳಗೆ ಬಂದರು. ಮೊನ್ನೆ ಹೊರಗೆ ಹಾಕಿದ್ದ ಕುರ್ಚಿಯಲ್ಲಿ ಕೂತು, ನಾರನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ಟಿದರು. ನಾನು ಎರಡೆರಡು ಹೂ ಜೋಡಿಸಿ ಕೊಟ್ಟೆ. ಪುಟ್ಟಲಿಂಗಮ್ಮ ಎಷ್ಟು ಬೇಗ ಕಟ್ಟುತ್ತಿದ್ದರು ಅಂತ ಹೇಳಿದರು. ನಾನು ನೋಡಿರಲಿಲ್ಲ ಅಂದೆ. ಮಾರಿಗೆ ಒಂದು ಗೇಣು ಜಾಸ್ತಿಯೇ ಆಯಿತು. ಕಾಫಿ ತರಲಾ ಅಂದೆ. ಇವತ್ತು ಏಕಾದಶಿ, ಉಪವಾಸ ಅಂದರು. ಉಪವಾಸವೋ, ಇಪ್ಪತ್ತಾರು ವರ್ಷದ ಅಭ್ಯಾಸವೋ. ಕೈ ತೊಳೆಯಲು ನೀರು ಕೇಳಿದರು, ಚೊಂಬಿನಲ್ಲಿ ಕೊಟ್ಟೆ. ತೊಳೆದುಕೊಂಡು ಹೋದರು.

ಇಡೀ ಬೀದಿ ಉಪವಾಸ, ನಮ್ಮ ಮನೆಯಲ್ಲಿ ಕೋಳಿಸಾರು ಕುದಿಯುತ್ತಿತ್ತು. ಅವಳಿಗೆ ಇಷ್ಟ ಅಂತ ಮುದ್ದೆ, ಕಜ್ಜಾಯ, ಎಲೆಯಡಿಕೆ. ಹಾರ ಫೋಟೋದ ಎರಡೂ ಕಡೆ ಇಳಿಬಿದ್ದಿತು. ಮಾಲಾ ಅದನ್ನು ಮುಟ್ಟಿ, “ಯಾರಪ್ಪಾ ಕಟ್ಟಿದ್ದು, ಅಮ್ಮನ ಕೈ ಹಾಗೇ ಇದೆ,” ಅಂದಳು. ಹೇಳಿದೆ. ಅವಳು ನನ್ನನ್ನು ನೋಡಿದಳು, ಹಾರವನ್ನು ಇನ್ನೊಮ್ಮೆ ಮುಟ್ಟಿದಳು. ಅಮರ್ ಸೌಂಡ್ ಬಾಕ್ಸ್ ವಾಪಸ್ ತೆಗೆದುಕೊಂಡು ಹೋದ. ಎಷ್ಟು ಬಂತು ಮಾವ ಅಂತ ಕೇಳಿದ. ತಲೆನೋವು ಬಂತು ಅಂದೆ.

ಅವರು ಹೋದರು. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆಗೆ ಮೊಗ್ಗು ಪರವಾಗಿಲ್ಲ, ಮುರಿದ ಚಿಗುರಿಗೆ ಸಗಣಿ ಮೆತ್ತಬೇಕು. ಆ ಮೇಷ್ಟ್ರು ಬರೆದ ಎರಡನೇ ಸಾಲು ಇನ್ನೂ ನೆನಪಿಗೆ ಬರುತ್ತಿಲ್ಲ, ಪರೀಕ್ಷೆಯಲ್ಲೂ ಬಂದಿರಲಿಲ್ಲ. ಛತ್ರಿ ಬಂತು. ಇವನಿಗೆ ಏಕಾದಶಿಯ ದಿನವೂ ಬಿಡುವಿಲ್ಲ. ಹೆಂಡತಿ ಮಾತಾಡಿದಳಾ ಅಂತ ಕೇಳಿದರೆ ಹಲ್ಲು ಕಿರಿಯುತ್ತಾನೆ. ಅಲ್ಲಿ ನಿಂತು ಕೊಕ್ಕೆ ಎತ್ತುತ್ತಿದ್ದಾನೆ, ಎಷ್ಟು ಸಲ ಹೇಳಬೇಕೋ ಈ ಜನಕ್ಕೆ.

“ತಗೋಳಯ್ಯಾ, ಕಿಟಕಿ ಕಡೆ ಬುಟ್ಟು,” ಅಂದೆ.

ಹೂಂ ಅಂದ. ಕೊಕ್ಕೆ ಯಾವ ಕಡೆ ಹೋಯಿತು ಅಂತ ಇಲ್ಲಿಂದ ಕಾಣುತ್ತಿಲ್ಲ, ಬೆಳಕು ಇಳಿಯುತ್ತಿದೆ, ಬರೆದದ್ದೂ ಕಾಣ…